ಬದುಕಿದ್ದವನ ಮನೆಗೆ ಬಂದ ಗಂಜಿ

ಆ ವಿಡಿಯೋ ನಮ್ಮ ಕರಾವಳಿಯವರ ವಾಟ್ಸಾಪ್ ಗುಂಪಿಗೆ ಬಂದದ್ದು ಸೆಪ್ಟೆಂಬರಿನ ಒಂದು ಗುರುವಾರ ಮಧ್ಯಾಹ್ನ. ನಾನು ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನ ಡ್ಯೂಟಿ ಮುಗಿಸಿ ಬಂದು, ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂಬದಿಯ ನಮ್ಮ ಕಟ್ಟಡದಲ್ಲಿ ಲಿಫ್ಟಿಗೆ ಕಾಯುತ್ತಿದ್ದೆ. ಪಾರ್ಕಿಂಗಿನಿಂದ ಅಲ್ಲಿಯವರೆಗೆ ನಡೆಯುವಷ್ಟರಲ್ಲಿ ಬಟ್ಟೆ ಬೆನ್ನಿಗೆ ಅಂಟಿಕೊಂಡಿತ್ತು. ಫೋನು ಬಿಡದೆ ನಡುಗುತ್ತಿತ್ತು. ತೆರೆದು ನೋಡಿದರೆ ಕಪ್ಪು ಆಕಾಶ, ಉರಿಯುವ ದೊಡ್ಡ ದೊಡ್ಡ ಟ್ಯಾಂಕುಗಳು, ಕಿರುಚಿಕೊಂಡು ಓಡುವ ಜನ. ಕೆಳಗೆ ಇಂಗ್ಲಿಷಿನಲ್ಲಿ ಬರೆದಿತ್ತು: ರುವೈಸ್, ಈಗಷ್ಟೇ.

ನನ್ನವರು ಯಾರೂ ರುವೈಸಿನ ತೈಲ ಸ್ಥಾವರದಲ್ಲಿಲ್ಲ, ನನ್ನ ಗಂಡನದು ದುಬೈಯಲ್ಲಿ ನೌಕರಿ. ಆದರೆ ನಮ್ಮ ಮನೆಯಿಂದ ಎರಡು ಮಹಡಿ ಮೇಲೆ, ಆರನೇ ಮಹಡಿಯಲ್ಲಿರುವ ಹುಡುಗಿಯ ಗಂಡ ಅಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ವಾರವಿಡೀ ಅಲ್ಲಿನ ಕ್ಯಾಂಪಿನಲ್ಲಿ ಮಲಗಿ, ಶುಕ್ರವಾರ ಸಂಜೆ ಹೆಂಡತಿ ಮಗಳನ್ನು ನೋಡಲು ಅಬುಧಾಬಿಗೆ ಬರುವವನು. ಅವಳು ಕಾಪು ಕಡೆಯವಳು, ನಾನು ಬ್ರಹ್ಮಾವರದವಳು. ಬಂದ ವರ್ಷವೇ ನನ್ನನ್ನು ಅಕ್ಕ ಎಂದು ಕರೆದಳು, ನಾನು ತಂಗಿ ಎಂದೆ. ನನ್ನ ಬಾಯಿ ಸ್ವಲ್ಪ ಜೋರು. ಅವಳಿಗೆ ಸಾರಿಗೆ ಉಪ್ಪು ಹೆಚ್ಚಾದದ್ದರಿಂದ ಹಿಡಿದು ಮಗಳಿಗೆ ಟಿವಿ ಹೆಚ್ಚಾದದ್ದರವರೆಗೆ ಎಲ್ಲದಕ್ಕೂ ಬೈಯುವ ಹಕ್ಕು ನನಗಿತ್ತು, ಅವಳೂ ಅದನ್ನು ಒಪ್ಪಿಕೊಂಡಿದ್ದಳು.

ವಿಡಿಯೋದ ಹಿಂದೆಯೇ ಒಂದು ಧ್ವನಿ ಸಂದೇಶ ಬಂತು. ಅದು ತುಳುವಿನಲ್ಲಿತ್ತು. ಯಾರೋ ಗಂಡಸು, ಏದುಸಿರು ಬಿಡುತ್ತಾ, ನಮ್ಮ ಊರಿನ ಕಡೆಯ ಇಬ್ಬರು ಒಳಗೆ ಸಿಕ್ಕಿಕೊಂಡಿದ್ದಾರೆ, ಒಬ್ಬ ಇನ್‌ಸ್ಟ್ರುಮೆಂಟಿನವನು, ಸೀರಿಯಸ್ ಅಂತೆ, ಮನೆಯವರಿಗೆ ಈಗಲೇ ಹೇಳಬೇಡಿ ಎಂದ. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬಂದ ಸುಳ್ಳನ್ನು ನಮ್ಮವರು ಒಂದು ಕ್ಷಣವಾದರೂ ಅನುಮಾನದಿಂದ ನೋಡುತ್ತಾರೆ. ತುಳುವಿನಲ್ಲಿ ಬಂದರೆ ಮುಗಿಯಿತು, ನಮ್ಮ ಪಕ್ಕದ ಮನೆಯವನೇ ಕಿವಿಯಲ್ಲಿ ಹೇಳಿದ ಹಾಗೆ. ನಮ್ಮ ಭಾಷೆಯಲ್ಲಿ ಸುಳ್ಳು ಹೇಳುವವರು ಇರಲಾರರು ಎಂಬುದು ನಮ್ಮ ದೊಡ್ಡ ಮೂಢನಂಬಿಕೆ.

ಅದರಲ್ಲೂ ಆ 'ಸೀರಿಯಸ್' ಎಂಬ ಮಾತು. ಪರದೇಶದಲ್ಲಿರುವ ನಮ್ಮಲ್ಲಿ ಒಂದು ಪದ್ಧತಿಯಿದೆ, ಯಾರು ಶುರು ಮಾಡಿದರೋ ಗೊತ್ತಿಲ್ಲ. ಇಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರಿಗೆ ನೇರವಾಗಿ ಹೇಳುವುದಿಲ್ಲ. ಮೊದಲು ಸ್ವಲ್ಪ ಹುಷಾರಿಲ್ಲ ಎನ್ನುತ್ತಾರೆ. ಆಮೇಲೆ ಅಡ್ಮಿಟ್ ಮಾಡಿದ್ದಾರೆ, ಆಮೇಲೆ ಸೀರಿಯಸ್. ಅಷ್ಟರಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಮನೆಗೆ ಬರುತ್ತಾರೆ. ಟಿವಿ ಆರಿಸುತ್ತಾರೆ, ಫೋನನ್ನು ಚಾರ್ಜಿಗೆ ಇಡುತ್ತೇವೆಂದು ತೆಗೆದುಕೊಂಡು ಹೋಗುತ್ತಾರೆ, ಮಕ್ಕಳನ್ನು ಆಡಿಸುವ ನೆಪದಲ್ಲಿ ತಮ್ಮ ಮನೆಗೆ ಕರೆದೊಯ್ಯುತ್ತಾರೆ. ಯಾರೋ ಗಂಜಿ ತರುತ್ತಾರೆ. ಎಲ್ಲರೂ ಏನೂ ಆಗಿಲ್ಲ ಎನ್ನುತ್ತಿರುತ್ತಾರೆ. ಏನೂ ಆಗಿಲ್ಲ ಎಂಬುದನ್ನು ಅಷ್ಟು ಜನ ಅಷ್ಟು ಮೆಲ್ಲಗೆ ಹೇಳಿದರೆ ಎಲ್ಲವೂ ಆಗಿಹೋಗಿದೆ ಎಂದೇ ಅರ್ಥ. ಇದು ಗೊತ್ತಿಲ್ಲದ ಹೆಂಗಸು ನಮ್ಮ ಗುಂಪಿನಲ್ಲಿ ಒಬ್ಬಳೂ ಇಲ್ಲ.

ನಾನು ಲಿಫ್ಟಿನ ಮುಂದೆ ನಿಂತೇ ಆ ವಿಡಿಯೋವನ್ನು ಇನ್ನೊಮ್ಮೆ ನೋಡಿದೆ. ಆಗ ಹೊಳೆಯಿತು. ವಿಡಿಯೋದಲ್ಲಿ ರಾತ್ರಿ. ಇಲ್ಲಿ ಮಟಮಟ ಮಧ್ಯಾಹ್ನ. ಈಗಷ್ಟೇ ಬೆಂಕಿ ಬಿದ್ದದ್ದಾದರೆ ಸೂರ್ಯ ಎಲ್ಲಿಗೆ ಹೋದ? ಅದಕ್ಕಿಂತ ಹೆಚ್ಚಾಗಿ, ಓಡುತ್ತಿದ್ದವರಲ್ಲಿ ಒಬ್ಬನ ಮೈಮೇಲೆ ದಪ್ಪ ಉಣ್ಣೆಯ ಕೋಟಿತ್ತು. ಸೆಪ್ಟೆಂಬರಿನಲ್ಲಿ, ರುವೈಸಿನಲ್ಲಿ, ಉಣ್ಣೆ ಕೋಟು! ನಗು ಬರಬೇಕಿತ್ತು, ಸಿಟ್ಟು ಬಂತು.

ಇದನ್ನು ಮೊದಲು ಹಂಚಿದವರು ಯಾರೆಂದು ಮೇಲಕ್ಕೆ ಸರಿಸಿ ನೋಡಿದೆ. ನಮ್ಮ ದೊಡ್ಡಣ್ಣ. ಅವರು ಯಾರ ಸ್ವಂತ ಅಣ್ಣನೂ ಅಲ್ಲ, ಇಲ್ಲಿನ ಕರಾವಳಿಯವರಿಗೆಲ್ಲ ದೊಡ್ಡಣ್ಣ. ಅರುವತ್ತು ದಾಟಿದ ಮನುಷ್ಯ, ಅಂಗಡಿ ವ್ಯಾಪಾರ ಮಗನಿಗೆ ಬಿಟ್ಟುಕೊಟ್ಟಿದ್ದಾರೆ. ಇಲ್ಲಿ ಯಾರೇ ಸತ್ತರೂ ಶವವನ್ನು ಊರಿಗೆ ಕಳಿಸುವ ಕಾಗದಪತ್ರಗಳ ಕೆಲಸ ಅವರದ್ದು. ಒಂದು ದಿರ್ಹಮ್ ಮುಟ್ಟದೆ ಆಸ್ಪತ್ರೆ, ಪೊಲೀಸು, ಎಂಬೆಸಿ, ಕಾರ್ಗೋ ಎಂದು ಓಡಾಡುತ್ತಾರೆ. ಬೆಳಿಗ್ಗೆ ಬೆಳಿಗ್ಗೆ 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬಂಥ ಗಾದೆಗಳನ್ನು ಹೂವಿನ ಚಿತ್ರದ ಜೊತೆ ಕಳಿಸುವವರೂ ಅವರೇ. ವಿಡಿಯೋದ ಕೆಳಗೆ ಅವರು ಬರೆದದ್ದು ಇಷ್ಟೇ: ದೇವರೇ ಕಾಪಾಡು, ನಮ್ಮವರು ಯಾರಾದರೂ ಉಂಟಾ?

ಅವರು ಕೇಳಿದ್ದು ಪ್ರಶ್ನೆ. ಗುಂಪು ಅದನ್ನು ಉತ್ತರ ಎಂದು ಓದಿತು. ಸಾವಿನ ಸುದ್ದಿ ಅವರಿಗೆ ಗೊತ್ತಾಗುವಷ್ಟು ಬೇಗ ಯಮನಿಗೂ ಗೊತ್ತಾಗುವುದಿಲ್ಲ ಎಂದು ನಾವೇ ತಮಾಷೆ ಮಾಡುತ್ತಿದ್ದವರು. ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಇಲ್ಲಿ ಎತ್ತಿಗೆ ಬಾಣಂತನ ಮಾಡಲಿಕ್ಕೂ ಜನ ತಯಾರಾಗಿದ್ದರು. ಒಬ್ಬರು ಓಂ ಶಾಂತಿ ಎಂದರು. ಇನ್ನೊಬ್ಬರು, ಆರನೇ ಮಹಡಿಯವಳ ಗಂಡ ಅಲ್ಲಿಯೇ ಅಲ್ವಾ, ಪಾಪ, ಮಗು ಚಿಕ್ಕದು ಎಂದರು. ನನ್ನ ಗಂಡ ದುಬೈಯಿಂದ ಫೋನ್ ಮಾಡಿ, "ನಿಜವಾ ಮಾರಾಯ್ತಿ?" ಎಂದು ಕೇಳಿದರು.

"ನೀವು ಯಾರಿಗೂ ಕಳಿಸ್ಬೇಡಿ," ಎಂದೆ.

"ಇಲ್ಲ ಇಲ್ಲ. ಎರಡೇ ಗುಂಪಿಗೆ ಹಾಕಿದ್ದು, ನಿಜವಾ ಅಂತ ಕೇಳ್ಲಿಕ್ಕೆ."

ಇದು ನಮ್ಮೆಲ್ಲರ ಕಥೆ. ಶುಕ್ರವಾರದ ಊಟಗಳಲ್ಲಿ ಸುಳ್ಳು ಸುದ್ದಿಯ ಬಗ್ಗೆ ಮಾತು ಬಂದರೆ ಒಬ್ಬೊಬ್ಬರೂ ಭಾಷಣ ಬಿಗಿಯುತ್ತಾರೆ. ಜನ ಎಷ್ಟು ದಡ್ಡರು, ಬಂದದ್ದನ್ನೆಲ್ಲ ನಂಬುತ್ತಾರೆ ಎನ್ನುತ್ತಾರೆ. ಆ ಜನ ಎಂದರೆ ಯಾವಾಗಲೂ ಬೇರೆಯವರು. ತಾವು ಕಳಿಸಿದ್ದು ಮಾತ್ರ ಎಚ್ಚರಿಕೆಗಾಗಿ, ಕಾಳಜಿಗಾಗಿ, ನಿಜವಾ ಅಂತ ಕೇಳುವುದಕ್ಕಾಗಿ.

ನಾನು ಲಿಫ್ಟಿನಿಂದ ಹೊರಗೆ ಬಂದವಳೇ ಗೋಡೆಗೊರಗಿ ನಿಂತು ಗುಂಪಿನಲ್ಲಿ ಬರೆದೆ. ಇದು ಹಳೆಯದೋ ಬೇರೆ ದೇಶದ್ದೋ ವಿಡಿಯೋ, ರಾತ್ರಿ ಮತ್ತು ಕೋಟು ನೋಡಿ. ಈ ದೇಶದಲ್ಲಿ ವದಂತಿ ಹಬ್ಬಿಸಿದರೆ, ಬರೇ ಫಾರ್ವರ್ಡ್ ಮಾಡಿದರೂ, ದಂಡವಿದೆ, ಜೈಲಿದೆ, ಆಮೇಲೆ ಊರಿಗೆ ಕಳಿಸುತ್ತಾರೆ. ಎಲ್ಲರೂ ಈಗಲೇ ಅಳಿಸಿ ಹಾಕಿ. ಕಳಿಸಿದ ಮೇಲೆ ನನಗೇ ನನ್ನ ಬಗ್ಗೆ ಮೆಚ್ಚುಗೆಯಾಯಿತು. ಸುಳ್ಳನ್ನು ಹುಟ್ಟಿದಲ್ಲೇ ಚಿವುಟಿದೆ ಎಂದುಕೊಂಡೆ.

ಜೈಲು ಎಂಬ ಮಾತಿಗೆ ನಮ್ಮವರು ಹೆದರಿದಷ್ಟು ದೇವರಿಗೂ ಹೆದರುವುದಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಎಲ್ಲರೂ ಅಳಿಸತೊಡಗಿದರು. ವಿಡಿಯೋ ಹೋಯಿತು, ಧ್ವನಿ ಹೋಯಿತು, ದೊಡ್ಡಣ್ಣನ ಪ್ರಶ್ನೆ ಹೋಯಿತು. ಗುಂಪಿನ ತುಂಬ 'ಈ ಸಂದೇಶವನ್ನು ಅಳಿಸಲಾಗಿದೆ' ಎಂಬ ಸಾಲುಗಳು ಗೋರಿಗಳ ಹಾಗೆ ಸಾಲಾಗಿ ನಿಂತವು. ನನ್ನ ಸಂದೇಶ ಆ ಸಾಲುಗಳೆಲ್ಲದರ ಕೆಳಗೆ ಉಳಿಯಿತು, ಮೇಲಿನಿಂದ ಓದುತ್ತಾ ಬಂದವರು ಅಲ್ಲಿಗೆ ತಲುಪುವುದು ಕೊನೆಗೆ. ನಡುವೆ ಅಳಿಸಲು ಮರೆತವರ ಒಂದೆರಡು ಮಾತು ಮಾತ್ರ ಉಳಿದಿತ್ತು: ಓಂ ಶಾಂತಿ. ಪಾಪ, ಮಗು ಚಿಕ್ಕದು.

ಆ ಹೊತ್ತಿಗೆ ಸರಿಯಾಗಿ ತಂಗಿ ಫೋನ್ ಕೈಗೆತ್ತಿಕೊಂಡಿದ್ದಾಳೆ. ಬೆಳಿಗ್ಗೆ ಅಲ್ ಮೀನಾದ ಮೀನು ಮಾರ್ಕೆಟಿನಿಂದ ತಂದ ಬಂಗುಡೆಯನ್ನು ಹೆಚ್ಚುತ್ತಿದ್ದಳಂತೆ. ವಿಡಿಯೋವನ್ನು ಅವಳು ನೋಡಿರಲೇ ಇಲ್ಲ. ಅವಳು ನೋಡಿದ್ದು ಸಾಲು ಸಾಲು ಅಳಿಸಿದ ಗುರುತು, ಓಂ ಶಾಂತಿ, ಮತ್ತು ಚಿಕ್ಕ ಮಗು. ನೋಡಿದ್ದರೆ ಅವಳೂ ರಾತ್ರಿಯನ್ನು ಗುರುತಿಸುತ್ತಿದ್ದಳೋ ಏನೋ. ನೋಡದ್ದನ್ನು ಊಹಿಸುವುದಕ್ಕೆ ಮಿತಿಯೇ ಇಲ್ಲ.

ನನ್ನ ಫೋನ್ ರಿಂಗಾಯಿತು. "ಅಕ್ಕ, ಎಲ್ಲರೂ ಎಂತ ಡಿಲೀಟ್ ಮಾಡಿದ್ದು?"

"ಎಂತದೂ ಇಲ್ಲ, ಒಂದು ಸುಳ್ಳು ವಿಡಿಯೋ. ನಾನು ಬಂದೆ, ನೀನು ಕೂತ್ಕೋ," ಎಂದೆ. ನನ್ನ ದನಿ ನನಗೇ ಗೊತ್ತಿಲ್ಲದೆ ಮೆತ್ತಗಾಗಿತ್ತು.

"ಇವರು ಫೋನ್ ಎತ್ತುದಿಲ್ಲ ಅಕ್ಕ. ಊಟದ ಹೊತ್ತಿಗೂ ಮಾಡ್ಲಿಲ್ಲ ಇವತ್ತು."

ಅದಕ್ಕೆ ಕಾರಣವಿತ್ತು. ಅಲ್ಲಿ ಸ್ಥಾವರದೊಳಗೆ ಹೋಗುವಾಗ ಫೋನನ್ನು ಗೇಟಿನಲ್ಲಿ ಒಪ್ಪಿಸಬೇಕು. ಶಟ್‌ಡೌನ್ ಎಂದು ಕರೆಯುವ ದುರಸ್ತಿಯ ಕಾಲ ಬಂದರೆ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಕೆಲಸ, ಊಟವೂ ಒಳಗೇ. ಆ ದಿನದಿಂದ ಅದೇ ಶುರುವಾಗಿತ್ತು. ಇದೆಲ್ಲ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಆದರೆ ಹೆದರಿದವರಿಗೆ ಗೊತ್ತಿರುವುದು ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ನಾನು ಮೆಟ್ಟಿಲು ಹತ್ತಿ ಆರನೇ ಮಹಡಿ ತಲುಪುವಷ್ಟರಲ್ಲಿ ಅವಳ ಬಾಗಿಲ ಹೊರಗೆ ಚಪ್ಪಲಿಗಳು ಬಿದ್ದಿದ್ದವು. ಯಾರು ಕರೆದಿದ್ದರು ಇವರನ್ನು? ಯಾರೂ ಕರೆದಿರಲಿಲ್ಲ, ನಮ್ಮವರನ್ನು ಇಂಥದ್ದಕ್ಕೆ ಕರೆಯಬೇಕಾಗುವುದಿಲ್ಲ. ಒಳಗೆ ನಾಲ್ಕೈದು ಹೆಂಗಸರು. ಶಿರ್ವ ಕಡೆಯ ಕ್ರೈಸ್ತ ನರ್ಸ್, ನಾವೆಲ್ಲ 'ನರ್ಸ್ ಬಾಯಿ' ಎನ್ನುವವರು, ನನ್ನ ಆಸ್ಪತ್ರೆಯವರೇ, ಪ್ರೆಷರ್ ಕುಕ್ಕರಿನಲ್ಲಿ ಗಂಜಿಯನ್ನೇ ತಂದುಬಿಟ್ಟಿದ್ದರು. ಅವರ ಕೈಯಲ್ಲಿ ಜಪಸರ. ಟಿವಿ ಆರಿಸಿಯಾಗಿತ್ತು. ತಂಗಿ ಸೋಫಾದ ತುದಿಯಲ್ಲಿ ಕೂತಿದ್ದಳು, ಕೈಯಲ್ಲಿ ಮೀನಿನ ಹುರುಪೆ ಅಂಟಿದ ಹಾಗೇ ಇತ್ತು.

"ನೋಡು, ಏನೂ ಆಗ್ಲಿಲ್ಲ," ಎಂದರು ನರ್ಸ್ ಬಾಯಿ. "ಸುಳ್ಳು ಅಂತೆ. ಸ್ವಲ್ಪ ಗಂಜಿ ಕುಡಿ."

"ಏನೂ ಆಗದಿದ್ರೆ ಗಂಜಿ ಯಾಕೆ?" ಎಂದಳು ತಂಗಿ.

ಇವರು ಯಾರೂ ಕೆಟ್ಟವರಲ್ಲ. ಅರ್ಧ ನಂಬಿಕೊಂಡು ಅರ್ಧ ನಂಬದೆ, ಯಾವುದಕ್ಕೂ ಇರಲಿ ಎಂದು ಬಂದವರು. ಅವರ ಕಣ್ಣುಗಳಲ್ಲಿ ಕರುಣೆ ಆಗಲೇ ತುಂಬಿಹೋಗಿತ್ತು. ಆ ಕರುಣೆಯ ಮುಂದೆ ನನ್ನ ರಾತ್ರಿ, ಕೋಟು ಎಂಬ ಪುರಾವೆಗಳೆಲ್ಲ ಯಾವ ಲೆಕ್ಕ?

ಆದರೂ ನಾನು ಪ್ರಯತ್ನಿಸಿದೆ. ಸರಕಾರದ ಸುದ್ದಿ ಸಂಸ್ಥೆಯ ಪುಟ ತೆರೆದು ತೋರಿಸಿದೆ, ಬೆಂಕಿಯ ಸುಳಿವೇ ಇರಲಿಲ್ಲ. "ಇಷ್ಟು ಬೇಗ ಹಾಕ್ತಾರಾ ಅಕ್ಕ?" ಎಂದಳು. ಕ್ಯಾಂಪಿನ ಸೆಕ್ಯುರಿಟಿಗೆ ಫೋನ್ ಮಾಡಿದೆ. ಎತ್ತಿದವನು ನಾನು ಕೇಳಿದ್ದಕ್ಕೆಲ್ಲ ಮಾಫಿ ಮಾಲೂಮ್, ಗೊತ್ತಿಲ್ಲ, ಗೊತ್ತಿಲ್ಲ ಎಂದು ಇಟ್ಟುಬಿಟ್ಟ. ಗೊತ್ತಿಲ್ಲವೋ, ಹೇಳುವ ಹಾಗಿಲ್ಲವೋ ಎಂದಳು. ಅವಳ ಗಂಡನ ಕೋಣೆಯಲ್ಲಿಯೇ ಇರುವ, ರಾತ್ರಿ ಪಾಳಿಯ ಹುಡುಗನ ನಂಬರು ಹುಡುಕಿ, ಫೋನ್ ಮಾಡಿ ಎಬ್ಬಿಸಿದೆ. ನಿದ್ದೆಗಣ್ಣಿನಲ್ಲಿ ಅವನು, "ಬೆಂಕಿಯಾ? ಎಲ್ಲಿ? ಇಲ್ಲಿ ಎಂತದೂ ಇಲ್ಲ ಅಕ್ಕ, ನಾನು ಮಲಗಿದ್ದೆ," ಎಂದ. ಸ್ಪೀಕರಿನಲ್ಲೇ ಹಾಕಿದ್ದೆ. ಅವಳು ಕೇಳಿಸಿಕೊಂಡಳು, ತಲೆಯಲ್ಲಾಡಿಸಿದಳು.

"ಅವನಿಗೂ ಹೇಳಿಕೊಟ್ಟಿದ್ದೀರಿ."

ಮುಖ ತೋರಿಸಿಯಾದರೂ ನಂಬಿಸೋಣ ಎಂದರೆ ಗಂಡನ ಫೋನು ಗೇಟಿನ ಪೆಟ್ಟಿಗೆಯಲ್ಲಿ. ಆರು ಗಂಟೆಯವರೆಗೆ ಕಾಯುವುದಲ್ಲದೆ ಬೇರೆ ದಾರಿಯಿರಲಿಲ್ಲ. ಅಷ್ಟರಲ್ಲಿ ಶಾಲೆಯ ಬಸ್ಸಿನಿಂದಿಳಿದ ಮಗಳು ಮೇಲೆ ಬಂದಳು. ನಾಲ್ಕನೇ ತರಗತಿಯ ಮಗು. ಹೊರಗಿನ ಚಪ್ಪಲಿಗಳನ್ನು ದಾಟಿ ಒಳಗೆ ಬಂದು, ಬ್ಯಾಗನ್ನೂ ಇಳಿಸದೆ ನಿಂತು, ತಾಯಿಯನ್ನು ಬಿಟ್ಟು ನನ್ನನ್ನು ಕೇಳಿತು, "ಆಂಟಿ, ಈಸ್ ಪಪ್ಪಾ ಡೆಡ್? ಬಸ್ಸಲ್ಲಿ ಹೇಳಿದ್ರು."

ನನಗೆ ಆ ಕ್ಷಣದಲ್ಲಿ ಆದ ಸಂಕಟವನ್ನು ಇವತ್ತಿಗೂ ಮರೆಯಲಾರೆ. ಯಾರೋ ಎಲ್ಲಿಯೋ ಕೂತು ಹೊಸೆದ ಸುಳ್ಳು, ಒಂದು ಮಧ್ಯಾಹ್ನದೊಳಗೆ ಒಂಬತ್ತು ವರ್ಷದ ಮಗುವಿನ ಬಾಯಿಗೆ ಬಂದಿತ್ತು. ಇಲ್ಲ ಎಂದೆ. ನರ್ಸ್ ಬಾಯಿ ತಕ್ಷಣ, "ಬಾ ಪುಟ್ಟ, ನಮ್ಮ ಮನೆಗೆ ಹೋಗುವ, ಕೇಕ್ ಉಂಟು," ಎಂದು ಅದರ ಕೈ ಹಿಡಿದರು. ತಂಗಿ ಎದ್ದು ನಿಂತಳು.

"ಅವಳನ್ನು ಕರಕೊಂಡು ಹೋಗ್ಬೇಡಿ. ನಂಗೆ ಗೊತ್ತಾಯ್ತು."

ಆಗಲೇ ಕರೆಗಂಟೆ ಸದ್ದಾಯಿತು. ಬಾಗಿಲಿನ ಹತ್ತಿರವಿದ್ದವಳು ಅವಳೇ. ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದಳು, ಹಾಗೇ ಕೆಳಗೆ ಕುಸಿದು ಕೂತಳು. ನಾನು ಓಡಿಹೋಗಿ ಬಾಗಿಲು ತೆರೆದೆ. ಹೊರಗೆ ದೊಡ್ಡಣ್ಣ. ಚಪ್ಪಲಿ ಕಳಚಿ, ಕಂಕುಳಲ್ಲಿ ಕಪ್ಪು ಬ್ಯಾಗು ಸಿಕ್ಕಿಸಿಕೊಂಡು ನಿಂತಿದ್ದರು.

ಆ ಮನುಷ್ಯ ಬಂದದ್ದು ಕ್ಷಮೆ ಕೇಳಲಿಕ್ಕೆ. ತನ್ನಿಂದ ಒಂದು ಹೆಣ್ಣುಮಗಳು ಹೆದರಿಕೊಂಡಳಲ್ಲ, ಫೋನಿನಲ್ಲಿ ಹೇಳಿದರೆ ಸರಿಯಲ್ಲ, ಹಿರಿಯನಾಗಿ ಮನೆಗೇ ಹೋಗಿ ಸುಳ್ಳು ಎಂದು ಹೇಳಿ ಬರೋಣ ಎಂದು ಹೊರಟವರು. ತಾನು ಯಾರ ಮನೆಯ ಬಾಗಿಲು ತಟ್ಟಿದರೂ ಒಳಗಿನವರು ಏನೆಂದುಕೊಳ್ಳುತ್ತಾರೆ ಎಂಬುದು ಅವರೊಬ್ಬರಿಗೇ ತಿಳಿದಿರಲಿಲ್ಲ. ಆ ಬ್ಯಾಗನ್ನು ಅವರು ಬಜಾರಿಗೂ ಒಯ್ಯುತ್ತಾರೆ. ನಮಗೆಲ್ಲ ಅದು ಮರಣ ಪತ್ರಗಳ ಬ್ಯಾಗು.

"ಅಮ್ಮಾ, ಏನೂ ಆಗ್ಲಿಲ್ಲ," ಎಂದರು ದೊಡ್ಡಣ್ಣ.

ತಂಗಿ ಮೆಲ್ಲಗೆ ಎದ್ದಳು. ಅಳಲಿಲ್ಲ. ಕೋಣೆಗೆ ಹೋಗಿ ಕಪಾಟು ತೆರೆದ ಸದ್ದು ಕೇಳಿಸಿತು. ಮರಳಿ ಬಂದಾಗ ಅವಳ ಕೈಯಲ್ಲಿ ಗಂಡನ ಪಾಸ್‌ಪೋರ್ಟಿನ ಪ್ರತಿಗಳಿದ್ದವು.

"ಇದು ಬೇಕಲ್ವಾ ಅಣ್ಣ, ಮೊದಲು? ವೀಸಾದ ಕಾಪಿ ಕೂಡ ಉಂಟು ಇದರಲ್ಲಿ."

ದೊಡ್ಡಣ್ಣ ಎರಡೂ ಕೈ ಮೇಲೆತ್ತಿ, "ಬೇಡ ಅಮ್ಮ, ಬೇಡ, ಅದೆಲ್ಲ ಬೇಡ," ಎಂದರು.

"ಎಲ್ಲರ ಮನೆಯಲ್ಲೂ ಮೊದಲು ಹಾಗೇ ಹೇಳೂದು ನೀವು."

ಅಷ್ಟು ಹೇಳಿ ಅವಳು ಮೇಜಿನ ಮೇಲಿದ್ದ ಫೋನು ತೆಗೆದುಕೊಂಡಳು. ಅತ್ತೆಗೆ ತಾನೇ ಹೇಳಬೇಕು ಎಂದಳು, ಅವರು ಬೇರೆಯವರ ಬಾಯಿಂದ ಕೇಳಬಾರದು. ಆ ಅತ್ತೆ ಈಗ ಊರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಹಿರಿಮಗನನ್ನು ಹಿಂದೆ ಮಸ್ಕತ್‌ನಲ್ಲಿ ಕಳೆದುಕೊಂಡವರು. ಎದೆಗೆ ಆಪರೇಷನ್ ಆಗಿ ಇನ್ನೂ ವರ್ಷ ತುಂಬಿಲ್ಲ. ಈ ಕರೆ ಹೋದರೆ, ಆರು ಗಂಟೆಗೆ ಮಗ ತಾನೇ ಮಾತಾಡಿ ಬದುಕಿದ್ದೇನೆ ಎಂದರೂ ಕೇಳಲು ಆ ಕಡೆ ತಾಯಿ ಇರುತ್ತಾರೋ ಇಲ್ಲವೋ. ಈ ಸುಳ್ಳಿನಿಂದ ನಿಜವಾದ ಒಂದು ಸಾವು ಆಗುವುದಿದ್ದರೆ ಅದು ಈ ಕರೆಯಲ್ಲಿತ್ತು. ಅವಳ ಕೈಯಿಂದ ಫೋನು ಕಿತ್ತುಕೊಳ್ಳಲು ನನ್ನ ಕೈ ಮುಂದೆ ಹೋಯಿತು, ಅಲ್ಲೇ ನಿಂತಿತು. ಫೋನು ಕಿತ್ತುಕೊಳ್ಳುವುದು ಎಂದರೆ ಏನರ್ಥ ಎಂದು ಅವಳಿಗೆ ಗೊತ್ತು.

"ತಂಗಿ, ಆರು ಗಂಟೆಯವರೆಗೆ ಕಾಯಿ. ನನ್ನ ಮಾತು ನಂಬುದಿಲ್ವಾ ನೀನು?" ಎಂದು ಬೇಡಿಕೊಂಡೆ.

ಅವಳು ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ನನ್ನ ಮೇಲೇ ಕನಿಕರವಿತ್ತು.

"ಬಂದಾಗಿಂದ ನೀವು ನಂಗೆ ಒಂದು ಬೈಲಿಲ್ಲ ಅಕ್ಕ. ಕೈ ತೊಳಿಲಿಲ್ಲ ಅಂತ ಕೂಡ ಬೈಲಿಲ್ಲ. ಹೇಗೆ ನಂಬುದು?"

ಕೆನ್ನೆಗೆ ಹೊಡೆದ ಹಾಗಾಯಿತು. ಹೌದಲ್ಲ. ನಾನು ಅವಳಿಗೆ ಸುಳ್ಳು ಎಂದು ಹೇಳುತ್ತಲೇ ವಿಧವೆಯೊಡನೆ ಮಾತಾಡುವ ದನಿಯಲ್ಲಿ ಮಾತಾಡುತ್ತಿದ್ದೆ. ನಾನು ಹೇಳಿದ್ದೆಲ್ಲ ನಿಜ, ಹೇಳಿದ ರೀತಿ ಪೂರ್ತಿ ಸುಳ್ಳು. ನನಗೆ ನನ್ನ ಮೇಲೆ, ಆ ಗಂಜಿಯ ಮೇಲೆ, ಜಪಸರದ ಮೇಲೆ, ಎಲ್ಲೋ ಕೂತು ತುಳುವಿನಲ್ಲಿ ಏದುಸಿರು ಬಿಟ್ಟ ಆ ಗಂಡಸಿನ ಮೇಲೆ ಒಟ್ಟಿಗೇ ಕೋಪ ಉಕ್ಕಿತು. ಅದನ್ನು ತಡೆಯಲಿಲ್ಲ.

"ಮಂಡೆ ಸಮ ಉಂಟಾ ನಿಂಗೆ?" ಎಂದು ಕಿರುಚಿದೆ. "ಸಿಂಕಿನಲ್ಲಿ ಬಂಗುಡೆ ಅರ್ಧಕ್ಕೆ ಬಿಟ್ಟಿದ್ದಿ, ನಾತ ನಾಲ್ಕನೇ ಮಹಡಿಗೆ ಬರ್ತಾ ಉಂಟು. ನಾಳೆ ಗಂಡ ಬಂದ್ರೆ ಎಂತ ಹಾಕ್ತಿ ಬಟ್ಟಲಿಗೆ, ನಿನ್ನ ಫೋನಾ? ಮಗು ಶಾಲೆಯಿಂದ ಬಂದು ನಿಂತಿದೆ, ಒಂದು ಲೋಟ ಹಾಲು ಕೊಡುವ ಗತಿಯಿಲ್ಲ, ಪಾಸ್‌ಪೋರ್ಟ್ ಹಿಡ್ಕೊಂಡು ಬಂದಳು ದೊಡ್ಡ ಜನ! ಹೋಗು, ಕೈ ತೊಳಿ!"

"ಯೇಸುವೇ, ಇಂಥಾ ಹೊತ್ತಿನಲ್ಲಾದ್ರೂ ಬಾಯಿ ಮುಚ್ಚಿ ನೀವು," ಎಂದರು ನರ್ಸ್ ಬಾಯಿ.

ಹಾಳಾಯಿತು. ತಂಗಿಯ ಮುಖದಲ್ಲಿ ಮೂಡುತ್ತಿದ್ದ ನಂಬಿಕೆಯ ಗೆರೆ ಮತ್ತೆ ಅಳಿಸಿಹೋಯಿತು. ನಾನು ಅವರ ಕಡೆ ತಿರುಗಿದೆ.

"ಇಂಥಾ ಹೊತ್ತು ಅಂದ್ರೆ ಎಂಥಾ ಹೊತ್ತು? ಯಾರು ಸತ್ತದ್ದು ಇಲ್ಲಿ? ಏಳಿ, ಎಲ್ಲರೂ ಏಳಿ, ಖಲಾಸ್. ಗಂಜಿ ತೆಗೊಂಡು ಹೋಗಿ ನಿಮ್ಮ ಗಂಡಂದಿರಿಗೆ ಬಡಿಸಿ. ಬದುಕಿದ್ದವನ ಮನೆಯಲ್ಲಿ ಕೂತು ಅಪಶಕುನ ಮಾಡ್ಲಿಕ್ಕೆ ನಾಚಿಕೆ ಆಗುದಿಲ್ವಾ? ದೊಡ್ಡಣ್ಣ, ನೀವೂ ಹೋಗಿ. ಆ ಬ್ಯಾಗು ತೆಗೊಂಡು ಲಿಫ್ಟಿನಲ್ಲಿ ಕೆಳಗಿಳೀರಿ, ಯಲ್ಲಾ!"

ಹಿರಿಯರಿಗೆ ನಾನು ಜೀವಮಾನದಲ್ಲಿ ಅಂಥ ಮಾತಾಡಿರಲಿಲ್ಲ. ಹೆಂಗಸರು ಮುಖ ಊದಿಸಿಕೊಂಡು ಎದ್ದರು. ನರ್ಸ್ ಬಾಯಿ ಕುಕ್ಕರಿನ ಮುಚ್ಚಳವನ್ನು ಬೇಕೆಂದೇ ಸದ್ದು ಮಾಡಿ ಮುಚ್ಚಿದರು. ದೊಡ್ಡಣ್ಣ ಮಾತ್ರ ತಲೆ ತಗ್ಗಿಸಿ ಹೊರಗೆ ಹೋದರು. ಬಾಗಿಲು ಹಾಕಿದ ಮೇಲೆ ಮನೆ ಎಂದಿನ ಮನೆಯ ಹಾಗೆ ಕಂಡಿತು. ಏಸಿಯ ಸದ್ದು, ಮೀನಿನ ವಾಸನೆ.

ತಂಗಿ ಫೋನು ಕೆಳಗಿಟ್ಟಳು. ನಂಬಿದಳು ಎಂದಲ್ಲ, ನಾನು ಬೈದದ್ದಕ್ಕೆ ಅಭ್ಯಾಸಬಲದಿಂದ ಸಿಂಕಿನ ಕಡೆ ಹೋದಳು. ನಾನು ಪಕ್ಕದಲ್ಲೇ ನಿಂತು ಬೈಯುತ್ತಲೇ ಇದ್ದೆ. ಹೊಟ್ಟೆ ಸರಿಯಾಗಿ ತೆಗೆದಿಲ್ಲ, ಅರಸಿನ ಕಡಿಮೆ, ಮೆಣಸು ನೆನೆಹಾಕಿಲ್ಲ. ಬೈಗುಳ ಮುಗಿದುಹೋದರೆ ಏನು ಮಾಡುವುದು ಎಂಬ ಭಯದಲ್ಲಿ ಅವಳ ಪರದೆಗೆ ಬೈದೆ, ನೆಲಕ್ಕೆ ಬೈದೆ, ಅವಳ ನಾದಿನಿಗೆ ಬೈದೆ. ಒಳಗೊಳಗೆ ನನಗೂ ಹೆದರಿಕೆ ಹುಟ್ಟಿತ್ತು. ಒಂದು ವೇಳೆ ಆ ಸುಳ್ಳು ವಿಡಿಯೋದ ಆಚೆ, ಬೇರೆಯೇ ಏನಾದರೂ ನಿಜವಾಗಿ ಆಗಿದ್ದರೆ? ಸುಳ್ಳೆಂದು ಕಣ್ಣಾರೆ ಕಂಡವಳು ನಾನು. ನನ್ನನ್ನೂ ಅದು ಅಷ್ಟು ಹೊತ್ತಿಗೆ ನಂಬಿಸಿಬಿಟ್ಟಿತ್ತು. ಮಗು ಹಾಲಿನ ಲೋಟ ಹಿಡಿದು ಇಬ್ಬರನ್ನೂ ನೋಡುತ್ತಾ ಕೂತಿತ್ತು.

ಆರು ಕಳೆಯಿತು. ಫೋನಿಲ್ಲ. ಆರೂವರೆಯಾಯಿತು. ತಂಗಿ ಕೈ ಒರೆಸಿಕೊಂಡು ಫೋನಿನ ಹತ್ತಿರ ಬಂದು ನಿಂತಳು. ನನ್ನ ಬಾಯಲ್ಲಿ ಬೈಯಲು ಒಂದು ಶಬ್ದವೂ ಉಳಿದಿರಲಿಲ್ಲ. ಅವಳು ಫೋನನ್ನು ಕೈಗೆತ್ತಿಕೊಂಡಾಗ ಅದು ಅವಳ ಕೈಯಲ್ಲೇ ರಿಂಗಾಯಿತು.

"ಎಂತ ಮಾರಾಯ್ತಿ ಇಷ್ಟು ಮಿಸ್ ಕಾಲ್?" ಅವನ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು. "ಬಸ್ಸಿನಲ್ಲಿ ಎಲ್ಲ ನನ್ನನ್ನೇ ನೋಡ್ತಿದ್ದಾರೆ. ಊರಿನವರದ್ದೆಲ್ಲ ಕಾಲ್. ಬೆಳಿಗ್ಗೆಯಿಂದ ಬಿಸಿಲಲ್ಲಿ ಸಾಯ್ತಾ ಇದ್ದೇನೆ ಇಲ್ಲಿ, ನಿಮಗೆಲ್ಲ ಮಂಡೆ ಕೆಟ್ಟಿದೆಯಾ?"

ಅವನು ಬೈಯುತ್ತಲೇ ಇದ್ದ, ಅವಳು ಕೇಳುತ್ತಲೇ ಇದ್ದಳು. ಅವನು ನಿಲ್ಲಿಸಿದಾಗ, "ಇನ್ನೂ ಬೈಯಿರಿ," ಎಂದಳು. ಆಮೇಲೆ ಅತ್ತಳು. ಮಗು ಬಂದು ಫೋನು ಕಸಿದುಕೊಂಡಿತು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ನಾನೂ ಅತ್ತೆ.

ಮರುದಿನ ಸಂಜೆ ಅವನು ಎಂದಿನಂತೆ ಬಂದ. ಊರಿನಲ್ಲಿ ಅತ್ತೆಯ ಕಿವಿಗೆ ಸುದ್ದಿ ಬೀಳದ ಹಾಗೆ ನಾದಿನಿ ನೋಡಿಕೊಂಡಿದ್ದಳಂತೆ. ಬಂಗುಡೆ ಪುಳಿಮುಂಚಿ ಬೆಂದಿತ್ತು, ನನ್ನನ್ನೂ ನನ್ನ ಗಂಡನನ್ನೂ ಊಟಕ್ಕೆ ಕರೆದಿದ್ದಳು. ನಾನು ಮೊದಲು ಮಾಡಿದ ಕೆಲಸವೆಂದರೆ ದೊಡ್ಡಣ್ಣನಿಗೆ ಫೋನ್ ಮಾಡಿ, ನನ್ನ ಮಾತನ್ನು ಹೊಟ್ಟೆಗೆ ಹಾಕಿಕೊಳ್ಳಿ, ಒಮ್ಮೆ ಮೇಲೆ ಬನ್ನಿ ಎಂದು ಕರೆದದ್ದು. ಅವರು ಬರಲು ಹಿಂಜರಿದರು. ಬಂದಾಗ ಕೈಯಲ್ಲಿ ಬ್ಯಾಗಿರಲಿಲ್ಲ. ಸೋಫಾದಲ್ಲಿ ಕೂತಿದ್ದ ಟೆಕ್ನಿಷಿಯನ್ನನ್ನು ನೋಡಿ ಅವನ ಮಣಿಕಟ್ಟು ಹಿಡಿದುಕೊಂಡರು, ತುಂಬಾ ಹೊತ್ತು ಬಿಡಲಿಲ್ಲ.

"ಎಷ್ಟು ಮನೆಗೆ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ," ಎಂದರು ನಮ್ಮ ಕಡೆ ನೋಡದೆ. "ಎಲ್ಲ ಮನೆಯಲ್ಲೂ ಸುಳ್ಳೇ ಹೇಳಿದ್ದು. ಪುಣ್ಯದ ಕೆಲಸ ಅಂತ ಮಾಡಿದ್ದೆ. ನಿನ್ನೆ ಒಂದು ದಿವಸ ನಿಜ ಹೇಳ್ಲಿಕ್ಕೆ ಬಂದೆ."

ಟೆಕ್ನಿಷಿಯನ್ ತಮಾಷೆ ಮಾಡಿ ಮಾತು ಹಾರಿಸಲು ನೋಡಿದ, ಆಗಲಿಲ್ಲ. ತಂಗಿ ಒಳಗಿನಿಂದ ಚಹಾ ತಂದು ದೊಡ್ಡಣ್ಣನ ಮುಂದಿಟ್ಟಳು. ಗಂಡನ ಎದುರಿಗೇ, ಮಗಳ ಎದುರಿಗೇ, ಶುಕ್ರವಾರದ ದೀಪ ಹಚ್ಚಿದ ಹೊತ್ತಿನಲ್ಲಿ ಅವಳು ಹೇಳಿದಳು:

"ಇನ್ನು ನೀವು ನನ್ನ ಬಾಗಿಲಿಗೆ ಬಂದ್ರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಅಣ್ಣ. ಇವರು ಸತ್ತಿದ್ರೆ ಸತ್ತಿದ್ದಾರೆ ಅಂತಲೇ ಹೇಳಿ. ಬದುಕಿದ್ದಾರೆ ಅಂತ ನೀವು ಹೇಳಿದಾಗ ನಂಗೆ ನಂಬ್ಲಿಕ್ಕೆ ಆಗ್ಬೇಕಲ್ಲ."

ಅಷ್ಟು ಕೆಟ್ಟ ಮಾತು ಬಾಯಿಂದ ಬಂದರೆ ನಮ್ಮ ಮನೆಗಳಲ್ಲಿ ಯಾರಾದರೊಬ್ಬರು ಕೂಡಲೇ 'ಬಿಡ್ತು ಅನ್ನು' ಎನ್ನುತ್ತಾರೆ. ಅಂದು ಯಾರೂ ಎನ್ನಲಿಲ್ಲ. ನಾನೂ ಎನ್ನಲಿಲ್ಲ.